ಹಿಲೋದಲ್ಲಿ ಒಂದು ವಾರ: ಹವಾಯಿ ಗಂಡಸರ ಹುಲಾ ಕುಣಿತ

ಶನಿವಾರ, ಹೊನೊಲುಲು

ಗಂಡಸರ ಹುಲಾ ನೋಡಲೆಂದು ಹವಾಯಿಗೆ ಹೋಗುವವರು ಮೊದಲು ಬಿಷಪ್ ಮ್ಯೂಸಿಯಂ ನೋಡಿಕೊಂಡು ಮುಂದೆ ಹೋಗುವುದು ಒಳ್ಳೆಯದು. ಅಲ್ಲಿನ ಸಂಗ್ರಹದಲ್ಲಿ ನಾಯಿಯ ಕೋರೆಹಲ್ಲಿನ ಕಾಲುಪಟ್ಟಿಗಳಿವೆ. ಓಲೊನಾ ಎಂಬ ಗಿಡದ ನಾರಿನಿಂದ ಬಲೆ ಹೆಣೆದು, ಅದಕ್ಕೆ ನೂರಾರು ಹಲ್ಲುಗಳನ್ನು ಸಾಲುಸಾಲಾಗಿ ಕಟ್ಟಿ, ಮೊಣಕಾಲಿನ ಕೆಳಗೆ ಸುತ್ತಿಕೊಳ್ಳುತ್ತಿದ್ದರು. ಹೆಜ್ಜೆ ಹಾಕಿದಾಗ ಹಲ್ಲುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಒಂದು ನಾಯಿಗೆ ಇರುವುದು ನಾಲ್ಕೇ ಕೋರೆಹಲ್ಲು. ಒಂದು ಜೊತೆ ಪಟ್ಟಿಗೆ ಎಷ್ಟು ನಾಯಿ ಬೇಕಾಗುತ್ತಿತ್ತು ಎಂದು ಲೆಕ್ಕ ಹಾಕಿದರೆ, ದೊರೆಗಳ ಆಶ್ರಯವಿಲ್ಲದೆ ಇಂಥ ಒಡವೆ ಸಾಧ್ಯವಿರಲಿಲ್ಲ ಎಂದು ತಿಳಿಯುತ್ತದೆ. ಇದು ಗಂಡಸರ ಒಡವೆ. ಕ್ಯಾಪ್ಟನ್ ಕುಕ್ ಜೊತೆ ಬಂದ ಚಿತ್ರಕಾರ ಜಾನ್ ವೆಬರ್ ಬರೆದ ಹವಾಯಿ ನರ್ತಕನ ಕಾಲಲ್ಲಿ ಇದೇ ಪಟ್ಟಿ, ಕೈಯಲ್ಲಿ ಗರಿ ಕಟ್ಟಿದ ಗಿಲಕಿ. 1816ರಲ್ಲಿ ಬಂದ ಚಿತ್ರಕಾರ ಲೂಯಿ ಕೋರಿಸ್ ಕೂಡ ಗಂಡಸರು ಕುಣಿಯುವುದನ್ನು ಚಿತ್ರಿಸಿದ್ದಾನೆ.

ಆಮೇಲೆ ಗಂಡಸರು ಹಿಂದೆ ಸರಿದದ್ದಕ್ಕೆ ಕಾರಣ ಒಂದಲ್ಲ. 1820ರಲ್ಲಿ ಮಿಷನರಿಗಳು ಬಂದರು. ಕ್ರೈಸ್ತಳಾದ ರಾಣಿ ಕಅಹುಮನು 1830ರಲ್ಲಿ ಹುಲಾವನ್ನು ಬಹಿರಂಗವಾಗಿ ಆಡಬಾರದೆಂದು ಆಜ್ಞೆ ಹೊರಡಿಸಿದಳು. 1859ರ ಕಾನೂನು ಪ್ರದರ್ಶನಕ್ಕೆ ಲೈಸೆನ್ಸ್ ಕಡ್ಡಾಯ ಮಾಡಿತು. ದೊರೆ ಕಲಾಕೌವಾ (ಆಳ್ವಿಕೆ 1874–1891) ತನ್ನ 1883ರ ಪಟ್ಟಾಭಿಷೇಕದಲ್ಲಿ ಇಯೊಲಾನಿ ಅರಮನೆಯ ಅಂಗಳದಲ್ಲೇ ಹುಲಾ ಆಡಿಸಿದ. ಆ ಕಾರ್ಯಕ್ರಮದ ಹಾಡುಗಳ ಪಟ್ಟಿಯನ್ನು ಮುದ್ರಿಸಿದವರ ಮೇಲೆ ಅಶ್ಲೀಲತೆಯ ಮೊಕದ್ದಮೆ ಬಿತ್ತು. 1893ರಲ್ಲಿ ರಾಜ್ಯವೇ ಹೋಯಿತು, 1896ರ ಕಾನೂನಿನಿಂದ ಶಾಲೆಗಳಲ್ಲಿ ಇಂಗ್ಲಿಷೇ ಬೋಧನಾ ಮಾಧ್ಯಮವಾಯಿತು. ಪ್ರವಾಸಿಗರು ಬರತೊಡಗಿದ ಮೇಲೆ ವೇದಿಕೆಗೆ ಬೇಕಾದದ್ದು ಹೆಣ್ಣುಮಕ್ಕಳು. ಗಂಡಸರಿಗೆ ಉಳಿದದ್ದು ಹಿಂದೆ ಕೂತು ಉಕುಲೆಲೆ ಎಂಬ ಪುಟ್ಟ ತಂತಿವಾದ್ಯ ನುಡಿಸುವ ಕೆಲಸ. 20ನೇ ಶತಮಾನದ ನಡುವಿನ ಹೊತ್ತಿಗೆ ಹುಲಾ ಹೆಂಗಸರದ್ದು ಎಂದು ಹವಾಯಿಯ ಹುಡುಗರೇ ನಂಬಿದ್ದರು.

ಅದನ್ನು ತಿರುಗಿಸಿದ್ದರಲ್ಲಿ ಒಬ್ಬ ಹೆಂಗಸಿನ ಪಾಲು ದೊಡ್ಡದು. ಹುಲಾ ಗುರು ಮೈಕಿ ಅಯೂ ಲೇಕ್ ತಮ್ಮ ಶಿಷ್ಯ ರಾಬರ್ಟ್ ಕಾಜಿಮೆರೊಗೆ ಗಂಡಸರಿಗೆಂದೇ ಒಂದು ಶಾಲೆ ತೆರೆಯಲು ಹೇಳಿದರು. 1975ರಲ್ಲಿ ‘ಹಾಲಾವ್ ನಾ ಕಮಲೇಯ್’ ಶುರುವಾಯಿತು. ಹಾಲಾವ್ ಎಂದರೆ ಹುಲಾ ಕಲಿಸುವ ಶಾಲೆ, ಗುರುವಿಗೆ ಕುಮು ಹುಲಾ, ಶಿಷ್ಯರಿಗೆ ಹೌಮಾನ ಎನ್ನುತ್ತಾರೆ. ಕಾಜಿಮೆರೊ ಅವರ ತಂಡ ಈಗಲೂ ಗಂಡಸರದ್ದೇ.

ಭಾನುವಾರ, ಹಿಲೋ

ಹೊನೊಲುಲುವಿನಿಂದ ಇನ್ನೊಂದು ದ್ವೀಪದಲ್ಲಿರುವ ಹಿಲೋಗೆ ವಿಮಾನದಲ್ಲಿ ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ಇದು, ಮಲೆನಾಡಿನವರಿಗೆ ಹೊಸದೇನಲ್ಲ. ಕೊಡೆ ಬಿಟ್ಟು ಹೊರಡಬೇಡಿ. ಈಸ್ಟರ್ ಭಾನುವಾರದಿಂದ ವಾರಪೂರ್ತಿ ಮೆರಿ ಮೊನಾರ್ಕ್ ಉತ್ಸವ ನಡೆಯುವುದರಿಂದ ಕೋಣೆ ಬೇಕಿದ್ದವರು ತಿಂಗಳುಗಟ್ಟಲೆ ಮುಂಚೆಯೇ ಹಿಡಿದಿಟ್ಟುಕೊಳ್ಳಬೇಕು. 1960ರ ಸುನಾಮಿಯಲ್ಲಿ ಊರಿನ ಪೇಟೆ ಕೊಚ್ಚಿಹೋದ ಮೇಲೆ ವ್ಯಾಪಾರ ಚೇತರಿಸಿಕೊಳ್ಳಲಿ ಎಂದು 1963ರಲ್ಲಿ ಕಟ್ಟಿದ ಉತ್ಸವವಿದು. ಮೆರಿ ಮೊನಾರ್ಕ್, ಅಂದರೆ ಉಲ್ಲಾಸದ ದೊರೆ, ಎಂಬುದು ಕಲಾಕೌವಾ ದೊರೆಯ ಅಡ್ಡಹೆಸರು; ಉತ್ಸವದ ಹೆಸರು ಅವನ ನೆನಪಿಗೆ. ಅದನ್ನು ಹುಲಾ ಸ್ಪರ್ಧೆಯಾಗಿ ಬೆಳೆಸಿದವರು ಡಾಟಿ ಥಾಂಪ್ಸನ್ ಮತ್ತು ಕುಮು ಜಾರ್ಜ್ ನಾಓಪೆ. 1971ರಲ್ಲಿ ಸ್ಪರ್ಧೆ ಶುರುವಾದಾಗ ಹೆಂಗಸರಿಗೆ ಮಾತ್ರ ಅವಕಾಶವಿತ್ತು. ಗಂಡಸರ ತಂಡಗಳು ಬಂದದ್ದು 1976ರಲ್ಲಿ. ನಾಓಪೆ ಸ್ವತಃ ಎಳವೆಯಲ್ಲಿ ಹುಲಾ ಕಲಿತದ್ದು ಮುತ್ತಜ್ಜಿಯ ಹತ್ತಿರ. ಇಂದಿನ ಎಷ್ಟೋ ಗಂಡು ಗುರುಗಳ ಪರಂಪರೆ ಹಿಡಿದು ಹಿಂದಕ್ಕೆ ಹೋದರೆ ಒಬ್ಬ ಅಜ್ಜಿಯೋ ಅತ್ತೆಯೋ ಸಿಗುತ್ತಾರೆ.

ಸೋಮವಾರ, ಅಭ್ಯಾಸದ ಮನೆ

ಸ್ಪರ್ಧೆಯ ವಾರದಲ್ಲಿ ತಂಡಗಳ ಅಭ್ಯಾಸಕ್ಕೆ ಹೊರಗಿನವರನ್ನು ಬಿಡುವುದು ಅಪರೂಪ, ಬಿಡಬೇಕೆಂದು ಕೇಳುವುದೂ ಸರಿಯಲ್ಲ. ಸ್ಪರ್ಧೆಗಿಳಿಯದ ಹಾಲಾವ್‌ಗಳಲ್ಲಿ ಮೊದಲೇ ಕೇಳಿಕೊಂಡರೆ ಗೋಡೆ ಬದಿಗೆ ಕೂತು ನೋಡಲು ಒಪ್ಪಿಗೆ ಸಿಗಬಹುದು. ಫೋನ್ ಚೀಲದಲ್ಲೇ ಇರಲಿ, ಕಾಲು ಚಾಚಿ ಕೂರಬೇಡಿ, ಕುಮು ಮಾತಾಡಿಸದೆ ಪ್ರಶ್ನೆ ಕೇಳಬೇಡಿ.

ಶಿಷ್ಯರು ಬಂದ ಕೂಡಲೇ ಒಳಗೆ ನುಗ್ಗುವುದಿಲ್ಲ. ಚಪ್ಪಲಿ ಬಿಟ್ಟು ಬಾಗಿಲ ಹೊರಗೆ ಸಾಲಾಗಿ ನಿಂತು, ಒಳಗೆ ಬರಲು ಅಪ್ಪಣೆ ಬೇಡುವ ಓಲಿಯನ್ನು ಹೇಳುತ್ತಾರೆ. ಓಲಿ ಅಂದರೆ ಕುಣಿತವಿಲ್ಲದ, ವಾದ್ಯವಿಲ್ಲದ ಪಠಣ. ಒಳಗಿನಿಂದ ಕುಮು ಉತ್ತರದ ಓಲಿ ಹೇಳಿದರೆ ಒಳಗೆ ಬರಬಹುದು. ಉತ್ತರ ಬರದಿದ್ದರೆ ಪಠಣದಲ್ಲಿ ಏನೋ ಕೊರತೆ ಇದೆ ಎಂದರ್ಥ: ಉಸಿರು ಸಾಲಿನ ನಡುವೆ ಮುರಿದಿರಬಹುದು, ಒಬ್ಬ ಮುಂದೆ ಓಡಿ ಇನ್ನೊಬ್ಬ ಹಿಂದುಳಿದಿರಬಹುದು. ಮತ್ತೆ ಮೊದಲಿನಿಂದ ಹೇಳಬೇಕು. ಮಳೆಯಲ್ಲಿ ನಿಂತು ಮೂರನೆಯ ಸಲ ಹೇಳುವ ಹೊತ್ತಿಗೆ ಎಲ್ಲರ ಉಸಿರೂ ಒಂದಾಗಿರುತ್ತದೆ. ಪಾಠದ ಅರ್ಧ ಕೆಲಸ ಅಲ್ಲೇ ಆಗಿಹೋಗಿರುತ್ತದೆ.

ನಿಲುವಿನಿಂದ ಶುರು. ಪಾದಗಳ ನಡುವೆ ಒಂದು ಮುಷ್ಟಿ ಅಂತರ, ಎರಡೂ ಸಮಾನಾಂತರ. ಮೊಣಕಾಲು ಬಗ್ಗಿರಬೇಕು, ಬೆನ್ನು ನೆಟ್ಟಗಿರಬೇಕು, ಸೊಂಟ ಹಿಂದಕ್ಕೆ ಚಾಚದೆ ಬೆನ್ನಿನ ಕೆಳಗೇ ಇರಬೇಕು. ಕುಣಿತ ಮುಗಿಯುವವರೆಗೂ ಮೊಣಕಾಲು ನೆಟ್ಟಗಾಗುವಂತಿಲ್ಲ. ಹೊಸಬರಿಗೆ ಕೆಲವೇ ನಿಮಿಷದಲ್ಲಿ ತೊಡೆ ನಡುಗುತ್ತದೆ. ಆಗ ಅವರು ಅರಿವಿಲ್ಲದೆ ಮೇಲೇಳುತ್ತಾರೆ, ಇಲ್ಲವೇ ಭಾರವನ್ನು ಸೊಂಟಕ್ಕೆ ಹೊರಿಸಿ ಮುಂದಕ್ಕೆ ಬಾಗುತ್ತಾರೆ. ಎರಡನ್ನೂ ಕುಮು ದೂರದಿಂದಲೇ ಗುರುತಿಸುತ್ತಾರೆ.

ಕಾಹೊಲೊ ಪಕ್ಕಕ್ಕೆ ಸಾಗುವ ನಾಲ್ಕು ಎಣಿಕೆಯ ಹೆಜ್ಜೆ. ಬಲಗಾಲು ಬಲಕ್ಕೆ, ಎಡಗಾಲು ಕೂಡಿಕೆ, ಮತ್ತೆ ಬಲಗಾಲು ಬಲಕ್ಕೆ, ನಾಲ್ಕನೆಯದರಲ್ಲಿ ಎಡಗಾಲು ಭಾರ ಹಾಕದೆ ಬರೀ ಮುಟ್ಟುತ್ತದೆ. ಆಮೇಲೆ ಎಡಕ್ಕೆ. ನಾಲ್ಕನೆಯ ಎಣಿಕೆಯಲ್ಲಿ ಭಾರ ಹಾಕಿಬಿಟ್ಟರೆ ಎಡಕ್ಕೆ ಹೊರಡಲು ಕಾಲು ಸಿಗುವುದಿಲ್ಲ, ಅರ್ಧ ಎಣಿಕೆ ತಡವಾಗುತ್ತದೆ. ಹೆಲಾದಲ್ಲಿ ಒಂದು ಪಾದ ಓರೆಯಾಗಿ ಮುಂದಕ್ಕೆ ಹೋಗಿ ನೆಲ ಮುಟ್ಟಿ ವಾಪಸು ಬರುತ್ತದೆ. ಭಾರವೆಲ್ಲ ಹಿಂದಿನ ಬಗ್ಗಿದ ಕಾಲಿನ ಮೇಲೆ. ಉವೆಹೆಯಲ್ಲಿ ಒಂದು ಪಾದ ಎತ್ತಿ ಇಟ್ಟ ಕೂಡಲೇ ಎರಡೂ ಹಿಮ್ಮಡಿ ಮೇಲೆದ್ದು ಮೊಣಕಾಲುಗಳು ಹೊರಕ್ಕೆ ತೆರೆದುಕೊಳ್ಳುತ್ತವೆ. ಮೊಣಕಾಲು ಕಾಲ್ಬೆರಳಿನ ದಿಕ್ಕಿಗೇ ಹೋಗಬೇಕು. ಒಳಕ್ಕೆ ಜಾರಿದರೆ ಕೀಲು ನೋವು ಶುರುವಾಗುತ್ತದೆ, ಅದನ್ನು ಸಹಿಸಿಕೊಂಡು ಮುಂದುವರಿಸಿದವರು ಬೇಗ ಕುಣಿತ ಬಿಡಬೇಕಾಗುತ್ತದೆ. ಅಮಿ ಎಂದರೆ ಸೊಂಟದ ಸುತ್ತು. ಗಂಡಸರೂ ಅದನ್ನು ಪೂರ್ತಿಯಾಗಿ ಮಾಡುತ್ತಾರೆ. ನಾಚಿಕೆಯಿಂದ ಅರ್ಧಕ್ಕೇ ನಿಲ್ಲಿಸುವ ಹುಡುಗರ ಭುಜ ಅಲ್ಲಾಡುತ್ತದೆ; ಸೊಂಟ ಪೂರ್ತಿ ಸುತ್ತಿದರೆ ಭುಜ ತಾನೇ ನಿಲ್ಲುತ್ತದೆ.

ಎಲ್ಲ ಹೆಜ್ಜೆಗೂ ಒಂದೇ ಪರೀಕ್ಷೆ ಸಾಕು. ಶಿಷ್ಯನ ತಲೆಯ ಹಿಂದಿರುವ ಕಿಟಕಿಯ ಅಡ್ಡಪಟ್ಟಿಯನ್ನು ನೋಡುತ್ತಿರಿ. ತಲೆ ಆ ಗೆರೆಯನ್ನು ದಾಟಿ ಮೇಲೆ ಕೆಳಗೆ ಹೋಗುತ್ತಿದ್ದರೆ ಕಾಲು ಇನ್ನೂ ಪಳಗಿಲ್ಲ.

ಕೈಗಳ ಪಾಠ ಆಮೇಲೆ. ಗಂಡಸರ ಹುಲಾ ಎಂದರೆ ಎದೆ ತಟ್ಟುವ, ಅಬ್ಬರಿಸುವ ಯೋಧ ನೃತ್ಯ ಎಂಬ ಕಲ್ಪನೆ ಪ್ರವಾಸಿಗರಲ್ಲಿದೆ, ಹೊಸ ಶಿಷ್ಯರಲ್ಲೂ ಇದೆ. ಗುರುಗಳು ಮೊದಲು ಬಿಡಿಸುವ ಚಟ ಇದೇ. ಬಲವೆಲ್ಲ ಕಾಲಿನಲ್ಲಿದ್ದರೆ ಕೈ ನಿರಾಳವಾಗಿ ಮಳೆಯನ್ನೋ ಬೆಟ್ಟವನ್ನೋ ತೋರಿಸಬಲ್ಲದು. ಕಾಲು ಸೋತಾಗ ಗಂಡಸರು ಆ ಬಲವನ್ನು ಕೈಗೆ ತಂದು ಮುಷ್ಟಿ ಬಿಗಿಯುತ್ತಾರೆ. ಬಿಗಿದ ಕೈಯಲ್ಲಿ ಮಾತು ಕಾಣುವುದಿಲ್ಲ. ಹುಲಾದಲ್ಲಿ ಮಾತೇ ದೊಡ್ಡದು, ಕುಣಿತ ಅದರ ಹಿಂದೆ ಬರುತ್ತದೆ. ಹೀಗಾಗಿ ಹಾಡಿನ ಪ್ರತಿ ಪದ ಯಾವ ಊರಿನ ಗಾಳಿ, ಯಾವ ದೊರೆಯ ಹೆಸರು ಎಂಬುದು ಗೊತ್ತಾಗದೆ ಕೈಗಳ ಪಾಠ ಮುಂದೆ ಸಾಗುವುದಿಲ್ಲ. ಕಣ್ಣು ನೋಡಲಿ, ಕಿವಿ ಕೇಳಲಿ, ಬಾಯಿ ಮುಚ್ಚಿರಲಿ ಎಂಬ ಹವಾಯಿ ಗಾದೆಯೇ ಇಲ್ಲಿನ ಕಲಿಕೆಯ ಕ್ರಮ.

ಮಂಗಳವಾರ, ವಾದ್ಯಗಳು

ಇಪು ಹೆಕೆ ಎಂಬ ತಾಳವಾದ್ಯ ಎರಡು ಸೋರೆಬುರುಡೆಗಳ ಜೋಡಣೆ. ಗಿಡ ನಮ್ಮ ಸೋರೆಯೇ; ಪಾಲಿನೇಷ್ಯದವರು ದೋಣಿಯಲ್ಲಿ ತಂದು ಬೆಳೆಸಿದ್ದು. ಅರಿಶಿನ, ಕೆಸು, ಜೀಗುಜ್ಜೆಯೂ ಹಾಗೆಯೇ ಬಂದವು. ವಾದ್ಯದಲ್ಲಿ ಕೆಳಗಿನ ಬುರುಡೆ ದೊಡ್ಡದು, ಮೇಲಿನದು ಚಿಕ್ಕದು, ಮೇಲ್ತುದಿಯಲ್ಲಿ ಸದ್ದು ಹೊರಡಲು ತೂತು. ಕಾಯಿ ಬಳ್ಳಿಯಲ್ಲಿ ಪೂರ್ತಿ ಬಲಿಯಬೇಕು, ಆಮೇಲೆ ತಿಂಗಳುಗಟ್ಟಲೆ ಒಣಗಬೇಕು. ಎಳಸಾಗಿ ಕಿತ್ತರೆ ಸಿಪ್ಪೆ ತೆಳ್ಳಗಾಗಿ ಸದ್ದು ಮಂಕಾಗುತ್ತದೆ, ಸ್ವಲ್ಪ ದಿನಕ್ಕೆ ಬಿರುಕೂ ಬಿಡುತ್ತದೆ. ಒಳಗಿನ ತಿರುಳನ್ನು ಕೆರೆದು ತೆಗೆದು, ಎರಡನ್ನೂ ಅಂಟಿಸುತ್ತಾರೆ. ಹಿಂದೆ ಜೀಗುಜ್ಜೆಯ ಹಾಲು ಅಂಟಾಗಿತ್ತು, ಈಗ ಮರಗೆಲಸದ ಅಂಟು.

ನುಡಿಸುವವರು ಕತ್ತಿನ ಹತ್ತಿರದ ಬಟ್ಟೆಯ ಕುಣಿಕೆಗೆ ಎಡಗೈ ತೂರಿಸಿ ಹಿಡಿದು, ಬುರುಡೆಯನ್ನು ನೆಲಕ್ಕೆ ಕುಟ್ಟುತ್ತಾರೆ. ಅದರ ಸೊಲ್ಲು ‘ಊ’. ಬುರುಡೆ ಗಾಳಿಯಲ್ಲಿರುವಾಗ ಬಲಗೈ ಬೆರಳಿಂದ ತಟ್ಟಿದರೆ ‘ತೇ’. ಮೃದಂಗದ ಸೊಲ್ಲುಗಳ ಹಾಗೆ ಇವನ್ನು ಬಾಯಲ್ಲಿ ಹೇಳಿಕೊಂಡೇ ಕಲಿಯುವುದು: ಊ, ಊ-ತೇ-ತೇ; ಊ, ಊ-ತೇ-ತೇ. ಕುಟ್ಟುವಾಗ ಕೆಳಗೆ ಮಡಚಿದ ಬಟ್ಟೆ ಇರಲೇಬೇಕು. ಸಿಮೆಂಟಿನ ಮೇಲೆ ಬರಿದಾಗಿ ಕುಟ್ಟಿದ ಬುರುಡೆ ಸೀಳುತ್ತದೆ. ಓರೆಯಾಗಿ ಇಳಿಸಿದರೂ ಅಷ್ಟೆ, ಬುಡ ಸಮತಟ್ಟಾಗಿ ಇಳಿಯಬೇಕು. ಹೊಸಬರು ಬಲಗೈಯಲ್ಲಿ ಜೋರಾಗಿ ಹೊಡೆಯುತ್ತಾರೆ. ಆದರೆ ‘ಊ’ ತುಂಬಿ ಬರುವುದು ಬುರುಡೆಯ ಭಾರದಿಂದ, ಕೈಯ ಜೋರಿನಿಂದಲ್ಲ.

ಪಹು ತೆಂಗಿನ ಕಾಂಡವನ್ನು ಕೊರೆದು ಶಾರ್ಕ್ ಚರ್ಮ ಹೊದಿಸಿ ನಾರಿನ ಹುರಿಯಿಂದ ಬಿಗಿದ ನಿಂತ ಡೋಲು. ದೇವಸ್ಥಾನದ ವಾದ್ಯವಾಗಿದ್ದದ್ದು, ಅದರ ಕುಣಿತಗಳಿಗೆ ಈಗಲೂ ಹೆಚ್ಚಿನ ಕಟ್ಟುಪಾಡು. ಎಡಗೈ ಪಹುವಿನ ಮೇಲೆ, ಬಲತೊಡೆಗೆ ಕಟ್ಟಿದ ಚಿಕ್ಕ ಕರಟದ ಡೋಲಿನ ಮೇಲೆ ಬಲಗೈಯ ಹೆಣೆದ ಹುರಿ, ಬಾಯಲ್ಲಿ ಪಠಣ: ಮೂರೂ ಒಬ್ಬನದ್ದೇ. ಇಲಿಇಲಿ ಎನ್ನುವುದು ಅಲೆಗೆ ನುಣುಪಾದ ಲಾವಾ ಕಲ್ಲುಗಳು, ಕೈಗೆ ಎರಡೆರಡು. ಒಂದನ್ನು ಹೆಬ್ಬೆರಳ ಬುಡದಲ್ಲಿ, ಇನ್ನೊಂದನ್ನು ಬೆರಳುಗಳ ಮೇಲೆ ಹಿಡಿದು, ಕೈ ಮುಚ್ಚಿದಾಗ ಟಕ್ಕೆನ್ನಬೇಕು. ಗಂಡಸರ ಕೈಗೆ ದೊಡ್ಡ ಕಲ್ಲೇ ಬೇಕು. ಚಿಕ್ಕದು ಬೆರಳ ಸಂದಿಯಿಂದ ಜಾರಿ ವೇದಿಕೆಯ ಮೇಲೆ ಉರುಳುತ್ತದೆ. ಸ್ವಂತಕ್ಕೆ ಬೇಕಿದ್ದವರು ಅಂಗಡಿಯಲ್ಲಿ ಕೊಳ್ಳಿ. ರಾಷ್ಟ್ರೀಯ ಉದ್ಯಾನದಿಂದ ಕಲ್ಲೆತ್ತುವುದು ಅಪರಾಧ.

ಬುಧವಾರ, ಕಿಲವೇಯಾ

ಹಿಲೋದಿಂದ 11ನೇ ಹೆದ್ದಾರಿಯಲ್ಲಿ ಮೌಂಟನ್ ವ್ಯೂ ಎಂಬ ಊರು ದಾಟಿ ಸುಮಾರು 50 ಕಿ.ಮೀ. ಏರಿದರೆ ಕಿಲವೇಯಾ ಜ್ವಾಲಾಮುಖಿಯಿರುವ ರಾಷ್ಟ್ರೀಯ ಉದ್ಯಾನ. ಸಮುದ್ರಮಟ್ಟದಿಂದ 1,200 ಮೀಟರ್ ಎತ್ತರ, ಬೆಳಿಗ್ಗೆ ಚಳಿ. ಇಲ್ಲಿ ಬಂಡೆಯಿಂದ ಕಟ್ಟಿದ ಒಂದು ಹುಲಾ ಕಟ್ಟೆಯಿದೆ, ಎದುರಿಗೆ ಜ್ವಾಲಾಮುಖಿಯ ದೇವತೆ ಪೆಲೆಯ ಮನೆಯಾದ ಹಲೆಮಾಉಮಾಉ ಕುಳಿ. ಇಲ್ಲಿ ಆಡುವವರಿಗೆ ಧ್ವನಿವರ್ಧಕವಿಲ್ಲ. ಗಾಳಿ ಎದುರಾದಾಗ ಪಠಣ ಕೇಳಿಸಬೇಕೆಂದರೆ ಹೊಟ್ಟೆಯಿಂದಲೇ ದನಿ ಬರಬೇಕು. ಈ ಸೀಮೆಯ ಶೈಲಿ ಐಹಅ: ಮೊಣಕಾಲು ಇನ್ನೂ ಆಳಕ್ಕೆ ಬಗ್ಗಿ, ನೆಲಕ್ಕೆ ಹತ್ತಿರವಾಗಿ, ಬಿರುಸಾಗಿ ಕುಣಿಯುವುದು. ಅದನ್ನು ಉಳಿಸಿ ಬೆಳೆಸಿದ ಮನೆತನ ಈಡಿತ್ ಕನಕಾಓಲೆ (1913–1979) ಅವರದ್ದು. ಅವರ ಚಿತ್ರ 2023ರಲ್ಲಿ ಅಮೆರಿಕದ ಕಾಲು ಡಾಲರ್ ನಾಣ್ಯದ ಮೇಲೆ ಬಂತು. ಸ್ಪರ್ಧೆ ನಡೆಯುವ ಹಿಲೋದ ಕ್ರೀಡಾಂಗಣಕ್ಕೂ ಅವರದೇ ಹೆಸರು.

ಕಾಡಿನ ಅಂಚಿನಲ್ಲಿ ಕೆಂಪು ಹೂವಿನ ಓಹಿಯಾ ಲೆಹುವಾ ಮರಗಳು. ಹುಲಾಗೆ ಇದಕ್ಕಿಂತ ಹತ್ತಿರದ ಮರವಿಲ್ಲ, ಆ ಮರವೇ ಈಗ ಸಾಯುತ್ತಿದೆ. ಗಾಯದ ಮೂಲಕ ಒಳಹೊಕ್ಕು ನೀರು ಸಾಗುವ ನಾಳವನ್ನು ಕಟ್ಟಿಬಿಡುವ ಶಿಲೀಂಧ್ರ ರೋಗವನ್ನು 2014ರಲ್ಲಿ ಗುರುತಿಸಿದರು. ಕೊಂಬೆ ಮುರಿದಲ್ಲಿ, ಬೂಟು ತಾಗಿ ಬೇರು ತರಚಿದಲ್ಲಿ ಅದು ಒಳಗೆ ಹೋಗುತ್ತದೆ. ಕಾಡಿಗೆ ಹೋಗುವ ಮುಂಚೆ, ಬಂದ ಮೇಲೆ ಎರಡೂ ಸಲ ಬೂಟಿನ ಮಣ್ಣನ್ನು ಬ್ರಷ್‌ನಿಂದ ತೆಗೆದು 70 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಬೇಕು. ಕತ್ತರಿ, ಚಾಕುವಿಗೂ ಅದೇ ನಿಯಮ. ಈ ದ್ವೀಪದಿಂದ ಓಹಿಯಾದ ಯಾವ ಭಾಗವನ್ನೂ ಪರವಾನಗಿ ಇಲ್ಲದೆ ಬೇರೆ ದ್ವೀಪಕ್ಕೆ ಒಯ್ಯುವಂತಿಲ್ಲ. ಈ ಮರದ ಲೆಹುವಾ ಹೂ ಮುಡಿಯದೆ ಕುಣಿಯಲು ಎಷ್ಟೋ ಹಾಲಾವ್‌ಗಳು ತಾವಾಗಿಯೇ ಒಪ್ಪಿದವು. ಹಾಡಿನಲ್ಲಿ ಹೂವಿದೆ, ತಲೆಯ ಮೇಲಿಲ್ಲ. ಇದು ಸಣ್ಣ ತ್ಯಾಗವಲ್ಲ.

ಸಂಜೆ ಕ್ರೀಡಾಂಗಣದಲ್ಲಿ ಹೋಇಕೆ, ಅಂದರೆ ಸ್ಪರ್ಧೆಯಿಲ್ಲದ ಪ್ರದರ್ಶನದ ರಾತ್ರಿ.

ಗುರುವಾರ, ಎಲೆ ಮತ್ತು ಬಟ್ಟೆ

ರಾತ್ರಿಯ ಸ್ಪರ್ಧೆ ಹೆಂಗಸರ ಏಕವ್ಯಕ್ತಿ ವಿಭಾಗ. ಗಂಡಸರಿಗೆ ಏಕವ್ಯಕ್ತಿ ವಿಭಾಗ ಈ ಉತ್ಸವದಲ್ಲಿಲ್ಲ. ಅವರ ತಂಡಗಳು ಹಗಲೆಲ್ಲ ಸೊಪ್ಪಿನ ರಾಶಿಯ ಸುತ್ತ ಕೂತಿರುತ್ತವೆ. ಒಬ್ಬೊಬ್ಬನಿಗೆ ತಲೆಗೊಂದು, ಕೊರಳಿಗೊಂದು, ಎರಡು ಮಣಿಕಟ್ಟು, ಎರಡು ಕಾಲು: ಒಟ್ಟು ಆರು ಕಟ್ಟುಗಳು. ಪಲಪಲಾಯ್ ಜರೀಗಿಡದ ಗರಿಗಳನ್ನು ಚಿಕ್ಕಚಿಕ್ಕ ಕಂತೆ ಮಾಡಿ, ಕೀ ಎಂಬ ಗಿಡದ ಎಲೆಯ ಪಟ್ಟಿಯ ಮೇಲಿಟ್ಟು, ನಾರಿನಿಂದ ಸುತ್ತುತ್ತಾ ಹೋಗುವುದು ಒಂದು ಬಗೆ. ಕೀ ಎಲೆಯ ನಡುದಿಂಡನ್ನು ಮೊದಲು ಬಿಡಿಸಿ, ಎಲೆಯನ್ನು ಫ್ರೀಜರಿನಲ್ಲಿಟ್ಟು ತೆಗೆದರೆ ಬಟ್ಟೆಯಂತೆ ಮೆತ್ತಗಾಗುತ್ತದೆ. ಹಸಿಯಾಗಿಯೇ ಮಡಚಿದರೆ ಸೀಳುತ್ತದೆ. ಕಟ್ಟಿದ್ದನ್ನು ಒದ್ದೆ ಪತ್ರಿಕೆಯಲ್ಲಿ ಸುತ್ತಿ ತಂಪಿನ ಪೆಟ್ಟಿಗೆಯಲ್ಲಿಡುತ್ತಾರೆ.

ಕಾಲಿನ ಕಟ್ಟನ್ನು ನಿಂತು ಅಳೆದರೆ ಆಗದು. ಮೊಣಕಾಲು ಬಗ್ಗಿಸಿದಾಗ ಮೀನಖಂಡ ಉಬ್ಬುತ್ತದೆ, ಆ ಭಂಗಿಯಲ್ಲೇ ಕಟ್ಟಿ ಒಂದು ಬೆರಳು ತೂರುವಷ್ಟು ಸಡಿಲ ಬಿಡಬೇಕು. ಸಡಿಲ ಹೆಚ್ಚಾದರೆ ಜಾರಿ ಪಾದಕ್ಕೆ ಸಿಕ್ಕಿಕೊಳ್ಳುತ್ತದೆ. ಕಾಡಿನಿಂದ ತಂದ ಈ ಸೊಪ್ಪು ಹುಲಾದ ದೇವತೆ ಲಾಕಾಳ ಶರೀರವೆಂದೇ ನಂಬಿಕೆ. ಕುಣಿಯುವಾಗ ಉದುರಿ ಬೀಳುವುದು ಅಪಶಕುನ, ಮುಗಿದ ಮೇಲೆ ಕಸದ ಬುಟ್ಟಿಗೆ ಹಾಕುವುದು ಅಪಚಾರ.

ಗಂಡಸರು ಕಚ್ಚೆಯಾಗಿ ಉಡುವ ಮಾಲೊ ಸುಮಾರು ಒಂದಡಿ ಅಗಲದ, ಮೂರ್ನಾಲ್ಕು ಗಜ ಉದ್ದದ ಬಟ್ಟೆ. ಹಿಂದೆ ಮರದ ತೊಗಟೆಯ ಕಾಪಾ, ಈಗ ಹೆಚ್ಚಾಗಿ ಹತ್ತಿ. ಒಂದು ತುದಿಯನ್ನು ಎದೆಯ ಹತ್ತಿರ ಹಿಡಿದು, ಉಳಿದದ್ದನ್ನು ಕಾಲ ಸಂದಿಯಿಂದ ಹಿಂದಕ್ಕೆ ತಂದು, ಹುರಿ ಮಾಡಿ ಸೊಂಟ ಸುತ್ತಿ, ಬೆನ್ನ ಹಿಂದೆ ಕಚ್ಚೆಗೆ ಸಿಕ್ಕಿಸುತ್ತಾರೆ. ಎದೆಯ ಹತ್ತಿರವಿದ್ದ ತುದಿ ಮುಂದೆ ಇಳಿಬೀಳುತ್ತದೆ. ಹುರಿ ಬಿಗಿಯಲು ಇನ್ನೊಬ್ಬರು ಬೇಕೇ ಬೇಕು. ಕಟ್ಟಿದ ಮೇಲೆ ಹತ್ತು ಸಲ ಪೂರ್ತಿ ಕುಳಿತೆದ್ದು ನೋಡದೆ ವೇದಿಕೆಗೆ ಕಳುಹಿಸುವುದಿಲ್ಲ.

ಶುಕ್ರವಾರ, ಕಾಹಿಕೊ

ಹಳೆಯ ಕ್ರಮದ ಹುಲಾ ಕಾಹಿಕೊದ ರಾತ್ರಿ. ಕ್ರೀಡಾಂಗಣಕ್ಕೆ ಮಾಡು ಇದ್ದರೂ ಬದಿಗಳು ತೆರೆದಿರುವುದರಿಂದ ಮಳೆಯ ಸದ್ದು ಒಳಗೆ ಕೇಳುತ್ತದೆ. ಪ್ರತಿ ತಂಡ ತನ್ನ ಹಾಡಿನ ಮೂಲ, ಅರ್ಥ, ಉಡುಗೆ, ಸೊಪ್ಪಿನ ವಿವರವನ್ನು ಮುಂಚೆಯೇ ಬರೆದು ತೀರ್ಪುಗಾರರಿಗೆ ಕೊಟ್ಟಿರುತ್ತದೆ. ಬರೆದದ್ದಕ್ಕೂ ಕಂಡದ್ದಕ್ಕೂ ತಾಳೆಯಾಗಬೇಕು.

ನೋಡುವವರು ಕಾಇ ಎಂಬ ಪ್ರವೇಶವನ್ನು ತಪ್ಪಿಸಿಕೊಳ್ಳಬಾರದು. ಸಾಲು ಕೋನದಲ್ಲಿ ತಿರುಗುವಾಗ ಹೊರಗಿನವನು ಉದ್ದ ಹೆಜ್ಜೆ, ಒಳಗಿನವನು ಗಿಡ್ಡ ಹೆಜ್ಜೆ ಹಾಕಬೇಕು. ಅಲ್ಲಿ ಸಾಲು ಡೊಂಕಾದ ತಂಡ ಮುಂದೆ ಎಷ್ಟೇ ಜೋರಾಗಿ ಕುಣಿದರೂ ಅಂಕ ಹಿಂದೆ ಬೀಳುತ್ತದೆ. ಆಮೇಲೆ ಕಿವಿಗೊಟ್ಟು ಕಾಹೆಯಾ ಕೇಳಿ: ಒಂದು ಚರಣ ಮುಗಿಯುತ್ತಿದ್ದಂತೆ ಮುಂದಿನ ಚರಣದ ಮೊದಲ ಮಾತನ್ನು ಕುಣಿಯುವವರು ಕೂಗಿ ಹೇಳುತ್ತಾರೆ. ಉಸಿರು ಸೋತ ತಂಡದಲ್ಲಿ ಈ ಕೂಗು ಕೊನೆಕೊನೆಗೆ ತಗ್ಗುತ್ತದೆ. ಪಳಗಿದ ತಂಡದ ಕೊನೆಯ ಕೂಗು ಮೊದಲನೆಯದರಷ್ಟೇ ತುಂಬಿರುತ್ತದೆ. ಹಿಂದಿನ ಸಾಲಿನವರ ತಲೆಗಳನ್ನು ನೋಡಿ, ಮುಂದಿನವರದ್ದಲ್ಲ. ಕುಮು ಒಳ್ಳೆಯ ಕುಣಿತಗಾರರನ್ನು ಮುಂದಿಟ್ಟಿರುವುದು ಸಹಜ, ಶಾಲೆಯ ನಿಜವಾದ ಮಟ್ಟ ತಿಳಿಯುವುದು ಹಿಂದೆ.

ಗಂಡಸರು ತೊಡೆ ತಟ್ಟಿ ನೆಲಕ್ಕೆ ಬಿದ್ದೇಳುವಾಗ ಜನ ಕೂಗೆಬ್ಬಿಸುತ್ತಾರೆ. ಆ ಚಪ್ಪಾಳೆ ಸಲ್ಲತಕ್ಕದ್ದೇ. ಆದರೆ ಹತ್ತಿಪ್ಪತ್ತು ದೊಡ್ಡ ಮೈಯ ಗಂಡಸರು ಒಟ್ಟಿಗೆ, ಸದ್ದಿಲ್ಲದೆ, ಒಂದೇ ಆಳಕ್ಕೆ ಮೊಣಕಾಲು ಬಗ್ಗಿಸಿ ಮಂಜು ಇಳಿಯುವುದನ್ನು ತೋರಿಸುವ ಗಳಿಗೆ ಅದಕ್ಕಿಂತ ಕಷ್ಟದ್ದು.

ಶನಿವಾರ, ಔವಾನಾ

ಬೆಳಿಗ್ಗೆ ಹಿಲೋ ಪೇಟೆಯಲ್ಲಿ ಮೆರವಣಿಗೆ. ರಾತ್ರಿ ಔವಾನಾ, ಅಂದರೆ ಗಿಟಾರು, ಉಕುಲೆಲೆ, ಹಾಡುಗಾರಿಕೆಯ ಜೊತೆಗಿನ ಹೊಸ ಕ್ರಮದ ಹುಲಾ. ಪ್ಯಾಂಟು, ಅಂಗಿ, ಕೊರಳಲ್ಲಿ ಮಾಯ್ಲೆ ಬಳ್ಳಿ. ಮುಗುಳ್ನಗೆ, ಕಣ್ಣಿನ ಮಾತು ಇಲ್ಲಿ ಬೇಕು, ಹೀಗಾಗಿ ಹಲವು ಗಂಡಸರಿಗೆ ಕಾಹಿಕೊಗಿಂತ ಇದೇ ಕಷ್ಟ. ಪ್ರೇಮದ ಹಾಡಿಗೆ ಮುಖ ಗಂಟಿಕ್ಕಿಕೊಂಡು ಕುಣಿದರೆ ಹೆಜ್ಜೆ ಸರಿಯಿದ್ದೂ ಹಾಡು ಸತ್ತಿರುತ್ತದೆ. ಫಲಿತಾಂಶ ಬರುವುದು ತಡರಾತ್ರಿ.

ಟಿಕೆಟ್ ಸಿಗದವರು ಬೇಸರಪಡಬೇಕಿಲ್ಲ. ನೇರ ಪ್ರಸಾರವಿದೆ, ಹೊನೊಲುಲು ಇರುವ ಓಆಹು ದ್ವೀಪದಲ್ಲಿ ಜುಲೈ ತಿಂಗಳ ಪ್ರಿನ್ಸ್ ಲಾಟ್ ಹುಲಾ ಉತ್ಸವದಲ್ಲಿ ಸ್ಪರ್ಧೆಯೇ ಇಲ್ಲದೆ ನಿರಾಳವಾಗಿ ನೋಡಬಹುದು. ಕಲಿಯುವ ಆಸೆ ಹುಟ್ಟಿದವರು ಒಂದು ತರಗತಿಯಲ್ಲಿ ಹೇಳಿಕೊಟ್ಟ ಹಾಡನ್ನು ಊರಿಗೆ ಬಂದು ವೇದಿಕೆಯ ಮೇಲೆ ಆಡಬಾರದು, ಬೇರೆಯವರಿಗೆ ಕಲಿಸಲೂಬಾರದು. ಕುಣಿಯುವವನೊಬ್ಬ ಪಠಿಸುವವನಾಗಿ, ಆಮೇಲೆ ಗುರುವಾಗಲು ವರ್ಷಗಳು ಹಿಡಿಯುತ್ತವೆ. ಊನಿಕಿ ಎಂಬ ವಿಧಿ ಮುಗಿಸಿ ಕುಮು ಅನುಮತಿ ಕೊಟ್ಟ ಮೇಲೆಯೇ ಕಲಿಸುವ ಹಕ್ಕು. ಯಾವ ಹಾಡನ್ನು ಎಲ್ಲಿ ಆಡಬಹುದು ಎಂದು ಮೊದಲ ದಿನವೇ ಕುಮುವನ್ನು ಕೇಳಿ ತಿಳಿದುಕೊಳ್ಳಿ.